ಹಿತ್ತಿಲ ಬಾಗಿಲು: ಏಡಿಗಿಡಕ್ಕೆ ಕತ್ತಲು ಬೇಕು

ಮಗ್ಗೆಯ ಹತ್ತಿರದ ಹಳ್ಳಿಯೊಂದರಿಂದ ಐದನೇ ತರಗತಿಯ ಹುಡುಗಿಯೊಬ್ಬಳು ಕಾಗದ ಬರೆದಿದ್ದಾಳೆ. ಹೆಸರು ಹಾಕಬೇಡಿ ಎಂದು ಅವಳೇ ಕೇಳಿಕೊಂಡಿದ್ದಾಳೆ, ಹಾಕುವುದಿಲ್ಲ. ಅವರ ಮನೆಯ ಜಗಲಿಯಲ್ಲಿ ಒಂದು ತೂಗುಕುಂಡ ಇದೆಯಂತೆ. ಅದರಲ್ಲಿರುವ ಗಿಡಕ್ಕೆ ಮನೆಯವರೆಲ್ಲ ಏಡಿಗಿಡ ಎನ್ನುತ್ತಾರೆ. ಗದ್ದೆ ಬದುವಿನ ಏಡಿಯ ಕಾಲಿನ ಹಾಗೆ ಗೆಣ್ಣಿಗೆ ಗೆಣ್ಣು ಸೇರಿಕೊಂಡು ಕೆಳಗೆ ಬಾಗುತ್ತದಲ್ಲ, ಅದಕ್ಕೆ. ಅಜ್ಜಿ ಅದನ್ನು ತಮ್ಮ ತಂಗಿಯ ಮನೆಯಿಂದ ತಂದದ್ದು, ಅಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಪ್ರತಿವರ್ಷ ಡಿಸೆಂಬರಿನಲ್ಲಿ ಕುಂಡವೇ ಕಾಣದಷ್ಟು ಗುಲಾಬಿ ಬಣ್ಣದ ಹೂ. ಹೋದ ಎರಡು ವರ್ಷ ಮಾತ್ರ ಒಂದೇ ಒಂದು ಹೂ ಇಲ್ಲ.

"ಅದಕ್ಕೂ ನನ್ನ ಹಾಗೆ ವಯಸ್ಸಾಯ್ತು, ಈ ಸಲವೂ ಬಿಡದಿದ್ದರೆ ಗೊಬ್ಬರದ ಗುಂಡಿಗೆ ಹಾಕಿಬಿಡು" ಎಂದು ಅಜ್ಜಿ ಹೇಳಿದ್ದಾರಂತೆ. ಹುಡುಗಿ ಕೇಳುತ್ತಾಳೆ: "ಗಿಡಕ್ಕೆ ವಯಸ್ಸಾದರೆ ಹೂ ಬಿಡುವುದು ನಿಂತುಹೋಗುತ್ತದಾ?"

ಕಾಗದದ ಕೊನೆಯಲ್ಲಿ, ಜಾಗ ಉಳಿದಿದೆ ಎಂದು ಬರೆದ ಹಾಗೆ, ಇನ್ನೆರಡು ಸಾಲು ಇವೆ. ಎರಡು ವರ್ಷದ ಹಿಂದೆ ಅವರ ಜಗಲಿಗೆ ದೊಡ್ಡ ಎಲ್‌ಇಡಿ ದೀಪ ಹಾಕಿಸಿದ್ದಾರೆ. ಆನೆ ಬಂದರೆ ಕಾಣಲಿ ಎಂದು ರಾತ್ರಿಯಿಡೀ ಉರಿಸುತ್ತಾರೆ. ಅಂಗಳವೆಲ್ಲ ಹಗಲಿನ ಹಾಗೇ ಇರುತ್ತದಂತೆ.

ಪುಟ್ಟೀ, ನಿನ್ನ ಪ್ರಶ್ನೆಗೆ ಉತ್ತರ ನಿನ್ನ ಕಾಗದದ ಆ ಎರಡು ಸಾಲಿನಲ್ಲೇ ಇದೆ. ಅಜ್ಜಿಗೆ ಇವತ್ತೇ ಹೇಳು, ಗಿಡಕ್ಕೆ ವಯಸ್ಸಾಗಿಲ್ಲ. ಈ ಜಾತಿಯ ಗಿಡಗಳು ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುವಷ್ಟು ಕಾಲ ಬದುಕುತ್ತವೆ. ಮೂವತ್ತು ವರ್ಷ ಅದಕ್ಕೆ ದೊಡ್ಡ ವಯಸ್ಸೇನಲ್ಲ. ಎರಡು ವರ್ಷದಿಂದ ಅದಕ್ಕೆ ರಾತ್ರಿಯೇ ಆಗಿಲ್ಲ, ಅಷ್ಟೇ.

ನರ್ಸರಿಯವರು ಇದಕ್ಕೆ ಕ್ರಿಸ್ಮಸ್ ಕ್ಯಾಕ್ಟಸ್ ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಡಿಸೆಂಬರ್ ಹೂ ಅಂತಲೂ ಕರೆಯುವುದುಂಟು, ಆದರೆ ಬೇಲಿಯ ಮೇಲೆ ನೀಲಿಯಾಗಿ ಬಿಡುವ ಸ್ಫಟಿಕದ ಹೂವಿಗೂ ಅದೇ ಹೆಸರಿರುವುದರಿಂದ ಗೊಂದಲವಾಗುತ್ತದೆ. ನಾವು ಏಡಿಗಿಡ ಎಂದೇ ಇಟ್ಟುಕೊಳ್ಳೋಣ. ಇಂಗ್ಲಿಷಿನಲ್ಲೂ ಅದಕ್ಕೆ ಏಡಿಯ ಹೆಸರಿನ ಕ್ಯಾಕ್ಟಸ್ ಎನ್ನುವವರಿದ್ದಾರೆ, ಕಡಲಾಚೆಯ ಜನರಿಗೂ ನಿಮ್ಮ ಮನೆಯವರಿಗೆ ಕಂಡದ್ದೇ ಕಂಡಿದೆ.

ಕ್ಯಾಕ್ಟಸ್ ಎಂದರೆ ಕಳ್ಳಿ. ಕಳ್ಳಿ ಎಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಮರಳುಗಾಡು, ಮುಳ್ಳು, ಬಿಸಿಲು. ಈ ಕಳ್ಳಿಗೂ ಮರಳುಗಾಡಿಗೂ ಸಂಬಂಧವೇ ಇಲ್ಲ. ಇದರ ತವರು ಬ್ರೆಜಿಲ್ ದೇಶದ ರಿಯೋ ಡಿ ಜನೈರೊ ನಗರದ ಹಿಂದೆ, ಕಡಲಿಗೆ ಬೆನ್ನು ಹತ್ತಿಸಿಕೊಂಡಂತೆ ನಿಂತಿರುವ ಬೆಟ್ಟಸಾಲು. ಅಲ್ಲಿ ಕಡಲಿನಿಂದ ಬಂದ ಮೋಡ ಬೆಟ್ಟಕ್ಕೆ ತಾಗಿ ಮಳೆಯಾಗುತ್ತದೆ. ಮರದ ಕೊಂಬೆಗಳ ಮೇಲೆ ಪಾಚಿ, ಮಂಜು, ಕೆಳಗೆ ಕೊಳೆತ ಎಲೆ. ಸಮುದ್ರಮಟ್ಟದಿಂದ 700ರಿಂದ 1000 ಮೀಟರ್ ಎತ್ತರದಲ್ಲಿ ಈ ಗಿಡ ಹೆಚ್ಚು. ಸಕಲೇಶಪುರ ಇರುವುದೂ 900 ಮೀಟರ್ ದಾಟಿದ ಎತ್ತರದಲ್ಲಿ. ಪ್ರಪಂಚದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ದೇಶವೂ ಆ ಬ್ರೆಜಿಲ್ಲೇ. ಬಿಸಲೆ ಕಾಡಿನ ಅಂಚಿನಲ್ಲಿ ಬೆಳೆದ ಮಗುವನ್ನು ಕಣ್ಣುಕಟ್ಟಿ ಅಲ್ಲಿ ಬಿಟ್ಟರೆ, ಆನೆ ಲದ್ದಿ ಕಾಣಿಸದ ತನಕ ತಾನು ಊರಲ್ಲೇ ಇದ್ದೇನೆ ಎಂದುಕೊಂಡೀತು.

ಆ ಕಾಡಿನಲ್ಲಿ ಏಡಿಗಿಡ ನೆಲದ ಮೇಲೆ ಬೆಳೆಯುವುದು ಅಪರೂಪ. ಮರದ ಕವಲಿನಲ್ಲಿ, ಬಂಡೆಯ ಸಂದಿನಲ್ಲಿ ಸೇರಿಕೊಂಡ ಎಲೆಗೊಬ್ಬರದಲ್ಲಿ ಬೇರಿಳಿಸಿ ಕೂರುತ್ತದೆ. ಮಲೆನಾಡಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಫಿ ತೋಟದ ನೆರಳಿನ ಮರದ ಮೇಲೆ ಎರಡು ಬಗೆಯ ಅತಿಥಿಗಳನ್ನು ನೀವು ನೋಡಿದ್ದೀರಿ. ಒಂದು ಬಂದಳಿಕೆ, ಮರದ ರಸವನ್ನೇ ಹೀರುವುದು. ಇನ್ನೊಂದು ಸೀತಾಳೆ, ಮರವನ್ನು ಬರೀ ಕೂರುವ ಮಣೆಯಾಗಿ ಮಾಡಿಕೊಂಡು ಗಾಳಿ, ಮಳೆ, ತರಗೆಲೆಯ ಮೇಲೆ ಬದುಕುವುದು. ಏಡಿಗಿಡ ಸೀತಾಳೆಯ ಕಡೆಯದು. ಇದೊಂದನ್ನು ನೆನಪಿಟ್ಟುಕೊಂಡರೆ ಅದರ ಅರ್ಧ ಆರೈಕೆ ತಿಳಿದ ಹಾಗೆ. ಮರದ ಕವಲಿನಲ್ಲಿ ನೀರು ಬಂದು ಹೋಗುತ್ತದೆ, ನಿಲ್ಲುವುದಿಲ್ಲ. ಬಿಸಿಲು ಎಲೆಗಳ ನಡುವೆ ಸೋಸಿ ಬರುತ್ತದೆ, ನೇರವಾಗಿ ಸುಡುವುದಿಲ್ಲ.

ಇನ್ನೊಂದು ವಿಷಯ. ಅದರಲ್ಲಿ ನೀವು ಎಲೆ ಎಂದುಕೊಂಡಿರುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಹಸಿರಾಗಿ, ಎಲೆ ಮಾಡುವ ಕೆಲಸವನ್ನೆಲ್ಲ ತಾನೇ ಮಾಡುತ್ತದೆ. ಅದಕ್ಕೇ ಹೂ ಬರುವುದು ಆ ತುಂಡಿನ ತುದಿಯಿಂದ. ಬ್ರೆಜಿಲಿನಲ್ಲಿ ಆ ಹೂವಿನ ಮಕರಂದಕ್ಕೆ ಬರುವುದು ಹಮ್ಮಿಂಗ್‌ಬರ್ಡ್ ಎಂಬ ಪುಟಾಣಿ ಹಕ್ಕಿ. ಹೂವಿನ ಉದ್ದ ಕೊಳವೆ, ಹಿಂದಕ್ಕೆ ಬಾಚಿದ ಕೂದಲಿನಂಥ ಎಸಳು, ಎಲ್ಲವೂ ಆ ಹಕ್ಕಿಯ ಕೊಕ್ಕಿಗೆ ತಕ್ಕಂತೆ ಇದೆ. ನಮ್ಮ ದೇಶದಲ್ಲಿ ಆ ಹಕ್ಕಿ ಇಲ್ಲ.

ಈಗ ಕತ್ತಲಿನ ವಿಷಯಕ್ಕೆ ಬರೋಣ.

ಏಡಿಗಿಡದ ಊರಿನಲ್ಲಿ ಅದಕ್ಕೆ ಕ್ರಿಸ್ಮಸ್ ಹೂ ಎಂದು ಯಾರೂ ಹೇಳುವುದಿಲ್ಲ. ಬ್ರೆಜಿಲಿನವರು ಅದನ್ನು ಕರೆಯುವುದು 'ಮೇ ತಿಂಗಳ ಹೂ' ಎಂದು. ಅದೇ ಗಿಡ, ಅಲ್ಲಿ ಮೇ ತಿಂಗಳಲ್ಲಿ, ಇಲ್ಲಿ ಡಿಸೆಂಬರಿನಲ್ಲಿ ಹೂ ಬಿಡುತ್ತದೆ. ಏಕಿರಬಹುದು? ಭೂಗೋಳ ಪುಸ್ತಕ ತೆಗೆದು ನೋಡಿ. ರಿಯೋ ಇರುವುದು ಭೂಮಧ್ಯರೇಖೆಯ ದಕ್ಷಿಣಕ್ಕೆ. ನಮಗೆ ಸೆಖೆ ಇರುವಾಗ ಅವರಿಗೆ ಚಳಿ. ನಮ್ಮ ಹಗಲು ಬೆಳೆಯುತ್ತಾ ಹೋಗುವ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅವರ ಹಗಲು ಕುಗ್ಗುತ್ತಾ, ರಾತ್ರಿ ಉದ್ದವಾಗುತ್ತಾ ಹೋಗುತ್ತದೆ. ಗಿಡದ ಹತ್ತಿರ ಕ್ಯಾಲೆಂಡರ್ ಇಲ್ಲ. ಅದು ಲೆಕ್ಕ ಇಡುವುದು ರಾತ್ರಿಯ ಉದ್ದವನ್ನು. ರಾತ್ರಿ ಉದ್ದವಾಯಿತು, ಗಾಳಿ ತಂಪಾಯಿತು ಎಂದು ಗೊತ್ತಾದರೆ ಮೊಗ್ಗು ಕಟ್ಟುತ್ತದೆ.

ಗಿಡಗಳಿಗೆ ಹೀಗೊಂದು ಲೆಕ್ಕ ಗೊತ್ತು ಎಂಬುದನ್ನು ಮನುಷ್ಯರು ಕಂಡುಕೊಂಡು ನೂರು ವರ್ಷ ಕಳೆದಿದೆಯಷ್ಟೆ. ಅಮೆರಿಕದಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ಕೃಷಿ ವಿಜ್ಞಾನಿಗಳಿಗೆ ಒಂದು ತಂಬಾಕು ತಳಿ ತಲೆನೋವಾಗಿತ್ತು. ಬೇಸಿಗೆಯುದ್ದಕ್ಕೂ ಆಳಿಗಿಂತ ಎತ್ತರ ಬೆಳೆದುಕೊಂಡೇ ಹೋಗುತ್ತಿತ್ತು, ಹೂ ಮಾತ್ರ ಇಲ್ಲ. ಗೊಬ್ಬರ ಬದಲಿಸಿದರು, ನೀರು ಬದಲಿಸಿದರು. ಏನೂ ಆಗಲಿಲ್ಲ. ಕೊನೆಗೆ 1918ರಲ್ಲಿ ಹೊಲದ ಪಕ್ಕ ಒಂದು ಕತ್ತಲ ಗೂಡು ಕಟ್ಟಿ, ಕುಂಡದಲ್ಲಿದ್ದ ಗಿಡಗಳನ್ನು ಸಂಜೆ ನಾಲ್ಕಕ್ಕೇ ಅದರೊಳಗೆ ಸೇರಿಸಿ, ಬೆಳಿಗ್ಗೆ ಒಂಬತ್ತಕ್ಕೆ ಹೊರಗೆ ತೆಗೆಯತೊಡಗಿದರು. ಕೋಳಿಗಳನ್ನು ಗೂಡಿಗೆ ಹಾಕಿ ತೆಗೆದ ಹಾಗೆ! ಗಿಡಗಳು ನಡುಬೇಸಿಗೆಯಲ್ಲೇ ಹೂ ಬಿಟ್ಟವು. 1920ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಆಗ ಎಲ್ಲರೂ ಹಗಲು ಚಿಕ್ಕದಾಗಿದ್ದೇ ಕಾರಣ ಎಂದುಕೊಂಡರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬಿಬ್ಬರು ನಮ್ಮ ರಸ್ತೆ ಬದಿಯಲ್ಲೂ ಇರುವ ಮರುಳುಮತ್ತಿ ಗಿಡವನ್ನು ಪರೀಕ್ಷೆಗೆ ಹಿಡಿದರು. ಆಟ ಆಡಿ ಬಂದಾಗ ಚಡ್ಡಿಗೆಲ್ಲ ಮುಳ್ಳಿನ ಕಾಯಿ ಅಂಟಿಕೊಂಡಿರುತ್ತದಲ್ಲ, ಅದೇ. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲು ಮಾಡಿದರೆ ಗಿಡಕ್ಕೆ ಏನೂ ಅನಿಸಲಿಲ್ಲ. ಉದ್ದ ರಾತ್ರಿಯ ನಡುವೆ ಒಂದೇ ನಿಮಿಷ ದೀಪ ಹಚ್ಚಿ ಆರಿಸಿದರೂ ಹೂ ಬಿಡಲಿಲ್ಲ. ಗಿಡ ಎಣಿಸುತ್ತಿದ್ದದ್ದು ರಾತ್ರಿಯನ್ನು, ಅದೂ ಒಂದೇ ಸಮನೆ ತುಂಡಾಗದೆ ಇರುವ ರಾತ್ರಿಯನ್ನು ಎಂದು ಆಗ ಗೊತ್ತಾಯಿತು. ಎಲ್ಲ ಗಿಡವೂ ಮರುಳುಮತ್ತಿಯಷ್ಟು ಸೂಕ್ಷ್ಮ ಅಲ್ಲ. ಆದರೆ ರಾತ್ರಿಯಿಡೀ ಉರಿಯುವ ಎಲ್‌ಇಡಿ ದೀಪದ ಕೆಳಗಿನ ಏಡಿಗಿಡದ ಪಾಡು ಏನೆಂದು ಈಗ ಊಹಿಸಬಹುದು.

ವಿಜ್ಞಾನಿಗಳ ಮಾತು ದೂರದ್ದು ಅನಿಸಿದರೆ ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ. ಕೆಲವು ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುತ್ತಿರುತ್ತವೆ, ಯಾರದೋ ಮದುವೆ ಇದೆಯೇನೋ ಎಂಬಂತೆ. ಅದು ಸೇವಂತಿಗೆ ಹೊಲ. ಸೇವಂತಿಗೆಯೂ ಉದ್ದ ರಾತ್ರಿ ಬಂದರೆ ಮೊಗ್ಗು ಕಟ್ಟುವ ಗಿಡ. ಬೇಗ ಹೂವಾಗದೆ ಇನ್ನಷ್ಟು ದಿನ ಚೆನ್ನಾಗಿ ಬೆಳೆಯಲಿ ಎಂದು ರೈತರು ಬೇಕೆಂದೇ ದೀಪ ಹಚ್ಚಿ ಅದನ್ನು ಎಚ್ಚರವಾಗಿಡುತ್ತಾರೆ. ಬೇಕಾದಾಗ ದೀಪ ಆರಿಸಿ ಹೂ ಬಿಡಿಸುತ್ತಾರೆ. ಅವರು ತಿಳಿದು ಮಾಡುವ ಕೆಲಸವನ್ನೇ ಪುಟ್ಟಿಯ ಮನೆಯ ಜಗಲಿ ದೀಪ ಯಾರಿಗೂ ತಿಳಿಯದಂತೆ ಮಾಡುತ್ತಿದೆ.

ಹಾಗಾದರೆ ದೀಪ ಆರಿಸಬೇಕೇ? ಬೇಡ, ಬೇಡವೇ ಬೇಡ. ಆಲೂರು, ಸಕಲೇಶಪುರದ ಕಡೆ ಬದುಕುವವರಿಗೆ ಆ ದೀಪ ಏತಕ್ಕೆ ಎಂದು ಹೊರಗಿನವರು ಹೇಳಿಕೊಡಬೇಕಿಲ್ಲ. ಇಂಥ ತೋಟದಲ್ಲಿ ಆನೆ ಇದೆ ಎಂದು ಮೊಬೈಲಿಗೆ ಸಂದೇಶ ಬರುವ ಊರುಗಳು ಅವು. ಮುಂಜಾನೆ ಕೆಲಸಕ್ಕೆ ಹೊರಟವರು, ಸಂಜೆ ಮನೆಗೆ ತಿರುಗಿದವರು ಆನೆಗೆ ಎದುರಾಗಿ ಜೀವ ಕಳೆದುಕೊಂಡದ್ದಿದೆ. ಅಂಗಳದಲ್ಲಿ ಬೆಳಕಿರಲಿ. ಜಾಗ ಬದಲಾಯಿಸಬೇಕಾದದ್ದು ಕುಂಡ. ಮಕ್ಕಳಿಗೂ ಒಂದು ಮಾತು: ಗಿಡದ ಹೆಸರು ಹೇಳಿಕೊಂಡು ಕತ್ತಲಾದ ಮೇಲೆ ಅಥವಾ ಬೆಳಗಾಗುವ ಮೊದಲು ಅಂಗಳಕ್ಕೆ ಇಳಿಯಬೇಡಿ. ನಾನು ಮುಂದೆ ಹೇಳುವ ಕೆಲಸವೆಲ್ಲ ಹಗಲು ಬೆಳಕಿನಲ್ಲಿ, ಮನೆಯೊಳಗೇ ಮಾಡುವಂಥದ್ದು.

ನಮ್ಮ ಕಡೆ ರಾತ್ರಿ ಎಷ್ಟು ಉದ್ದ ಇರುತ್ತದೆ ಎಂದು ಮೊದಲು ಲೆಕ್ಕ ಹಾಕೋಣ. ತಾತನ ಪಂಚಾಂಗ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಸೂರ್ಯೋದಯ, ಸೂರ್ಯಾಸ್ತ ಎರಡೂ ಇರುತ್ತವೆ. ಹಾಸನ ಜಿಲ್ಲೆಯ ಅಕ್ಷಾಂಶ 13 ಡಿಗ್ರಿಯ ಸುತ್ತಮುತ್ತ. ಜೂನ್ 21ರ ಸುಮಾರಿಗೆ ನಮ್ಮ ರಾತ್ರಿ 11 ಗಂಟೆಗಿಂತ ಸ್ವಲ್ಪ ಹೆಚ್ಚು, ಡಿಸೆಂಬರ್ 21ರ ಸುಮಾರಿಗೆ 12 ಗಂಟೆ 40 ನಿಮಿಷದ ಹತ್ತಿರ. ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ. ತಾತ ಘಳಿಗೆಯಲ್ಲಿ ಹೇಳಿದರೆ 24 ನಿಮಿಷಕ್ಕೆ ಒಂದು ಘಳಿಗೆ ಎಂದು ಗುಣಿಸಿಕೊಳ್ಳಿ. ಇಷ್ಟು ಸಣ್ಣ ವ್ಯತ್ಯಾಸವನ್ನೂ ಗಿಡ ಹಿಡಿಯುತ್ತದೆ ಎಂಬುದೇ ನನಗೆ ಈಗಲೂ ಆಶ್ಚರ್ಯ. ನಮಗಾದರೆ ಶಾಲೆಯ ಗಂಟೆ ಹೊಡೆದರೂ ಗೊತ್ತಾಗುವುದಿಲ್ಲ.

ಏಡಿಗಿಡಕ್ಕೆ ಮೊಗ್ಗು ಕಟ್ಟಲು ದಿನಕ್ಕೆ 12ರಿಂದ 13 ಗಂಟೆ ಒಂದೇ ಸಮನೆ ಕತ್ತಲು ಬೇಕು, ಅದು ಆರು ವಾರ ನಡೆಯಬೇಕು. ಚಳಿ ಹೆಚ್ಚಿದ್ದರೆ ಕತ್ತಲಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಕೊಡುತ್ತದೆ. ರಾತ್ರಿ 10ರಿಂದ 13 ಡಿಗ್ರಿಗೆ ಇಳಿಯುವ ಜಾಗದಲ್ಲಿ ಹೆಚ್ಚು ಕತ್ತಲಿಲ್ಲದೆಯೂ ಮೊಗ್ಗು ಬರುತ್ತದೆ. ಹಾಸನದ ಕಡೆ ಡಿಸೆಂಬರಿನ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಬರುತ್ತದೆ ನಿಜ, ಆದರೆ ಮೊಗ್ಗು ಕಟ್ಟಬೇಕಾದ ಅಕ್ಟೋಬರಿನಲ್ಲಿ ಅಷ್ಟು ಚಳಿ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ನಾವು ನಂಬಬೇಕಾದದ್ದು ಕತ್ತಲನ್ನೇ. ಮಂಗಳೂರಿನಲ್ಲಿರುವ ಮೊಮ್ಮಕ್ಕಳು ಬೇಸರ ಮಾಡಿಕೊಳ್ಳಬಾರದು, ಕರಾವಳಿಯ ಬೆಚ್ಚಗಿನ ರಾತ್ರಿಯಲ್ಲಿ ಇದು ಹಸಿರಾಗಿ ಇರುತ್ತದೆಯೇ ಹೊರತು ಹೂ ಬಿಡಿಸುವುದು ಕಷ್ಟ. ಬೆಂಗಳೂರಿನವರು ಧಾರಾಳವಾಗಿ ಪ್ರಯತ್ನಿಸಬಹುದು.

ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಸೆಪ್ಟೆಂಬರ್ ಮುಗಿಯುತ್ತಾ ಬಂದಿರುತ್ತದೆ. ಸಮಯ ಸರಿಯಾಗಿದೆ. ಮನೆಯಲ್ಲಿ ರಾತ್ರಿ ದೀಪ ಹಚ್ಚದ ಒಂದು ಕೋಣೆ ಹುಡುಕಿ. ಭತ್ತದ ಮೂಟೆ, ಕಾಫಿ ಚೀಲ ಇಡುವ ಕೋಣೆ ಇರುತ್ತದಲ್ಲ, ಅದಕ್ಕೆ ಪೂರ್ವದ ಕಿಟಕಿ ಇದ್ದರೆ ಅದೇ ಅರಮನೆ. ಹಗಲು ಕಿಟಕಿಯ ಬೆಳಕು ಬೇಕೇ ಬೇಕು. ಹಗಲೂ ಕತ್ತಲಲ್ಲಿಟ್ಟರೆ ಗಿಡ ಹಸಿವಿನಿಂದ ಸೊರಗುತ್ತದೆ. ಜಗಲಿ ದೀಪದ ಬೆಳಕು ಕಿಟಕಿಯಿಂದ ಒಳಗೆ ಬರುತ್ತದೆಯೇ ಎಂದು ರಾತ್ರಿ ಒಂಬತ್ತಕ್ಕೆ ಹೋಗಿ ನೋಡಿ. ಕುಂಡ ಇಟ್ಟ ಜಾಗದಲ್ಲಿ ನಿಂತು ಈ ಪತ್ರಿಕೆಯ ಅಕ್ಷರ ಓದಲು ಸಾಧ್ಯವಾದರೆ ಅಲ್ಲಿ ಗಿಡಕ್ಕೆ ಬೆಳಕು ಹೆಚ್ಚಾಯಿತು ಎಂದೇ ಅರ್ಥ.

ಅಂಥ ಕೋಣೆ ಇಲ್ಲದಿದ್ದರೆ ಕಾಫಿ ಕೊಯ್ಯುವ ದೊಡ್ಡ ಬುಟ್ಟಿ ತೆಗೆದುಕೊಳ್ಳಿ. ಅದರ ಮೇಲೆ ಕಪ್ಪು ಬಟ್ಟೆಯನ್ನೋ ಹಳೆಯ ಕಂಬಳಿಯನ್ನೋ ಹೊದಿಸಿ, ಸಂಜೆ ಐದೂವರೆಗೆ ಕುಂಡದ ಮೇಲೆ ಬೋರಲು ಹಾಕಿ, ಬೆಳಿಗ್ಗೆ ಏಳಕ್ಕೆ ತೆಗೆಯಿರಿ. ಹದಿಮೂರೂವರೆ ಗಂಟೆ ಆಯಿತು. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಮುಚ್ಚುವ ಕೆಲಸ ಮೊಮ್ಮಗಳದು, ತೆರೆಯುವ ಕೆಲಸ ಅಜ್ಜಿಯದು ಎಂದು ಹಂಚಿಕೊಂಡರೆ ಒಳ್ಳೆಯದು, ಅಜ್ಜಿಯರು ಹೇಗೂ ಬೇಗ ಏಳುತ್ತಾರೆ. ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಗುರುತು ಹಾಕುತ್ತಾ ಹೋಗಿ. ನಲವತ್ತೆರಡು ಗುರುತು ಬೇಕು. ಒಂದು ದಿನ ಮರೆತರೆ ಲೋಕ ಮುಳುಗುವುದಿಲ್ಲ, ಮರುದಿನ ಮುಂದುವರಿಸಿ. ದೀಪಾವಳಿಯ ಹಣತೆಗೂ ಹೆದರಬೇಕಿಲ್ಲ, ಕುಂಡದ ಪಕ್ಕದಲ್ಲೇ ಹಚ್ಚಬೇಡಿ ಅಷ್ಟೇ.

ಮೂರು ನಾಲ್ಕು ವಾರ ಕಳೆದ ಮೇಲೆ ತುದಿಯ ತುಂಡುಗಳನ್ನು ಹತ್ತಿರದಿಂದ ನೋಡಿ. ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿ ಕಾಣಿಸಿದರೆ ಅದೇ ಮೊಗ್ಗು. ಹೊಸ ಚಿಗುರೂ ಅದೇ ಜಾಗದಲ್ಲಿ ಬರುತ್ತದೆ, ಆದರೆ ಚಿಗುರು ಚಪ್ಪಟೆ, ಮೊಗ್ಗು ದುಂಡಗೆ. ಅಲ್ಲಿಂದ ಹೂ ಅರಳಲು ಇನ್ನೂ ಒಂದೂವರೆ ತಿಂಗಳು ಕಾಯಬೇಕು. ಮೊಗ್ಗಿಗೂ ಹೂವಿಗೂ ನಡುವಿನ ಈ ಕಾಯುವಿಕೆ ಕಾಫಿ ಬೆಳೆಗಾರರ ಮನೆಯವರಿಗೆ ಹೊಸತಲ್ಲ. ಕಾಫಿ ಮೊಗ್ಗು ಕಟ್ಟಿಕೊಂಡು ಹೂಮಳೆಗೆ ಕಾದು ಕೂರುತ್ತದೆ, ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ಏಡಿಗಿಡಕ್ಕೆ ಮಾತ್ರ ಮಳೆ ಬೇಡ.

ನೀರಿನ ಮಾತು ಬಂತು. ಮಲೆನಾಡಿನಲ್ಲಿ ಏಡಿಗಿಡ ಸಾಯುವುದು ಬಿಸಿಲಿಗಲ್ಲ, ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗೆ. ಅದರಲ್ಲೂ ಸೂರಿನ ನೀರು ಬೀಳುವ ಜಾಗದಲ್ಲಿ ತೂಗುಹಾಕಿದ ಕುಂಡದಲ್ಲಿ ಬೇರು ಕೊಳೆತು, ಗಿಡ ಒಂದು ಬೆಳಿಗ್ಗೆ ಬುಡದಲ್ಲಿ ಕಳಚಿಕೊಳ್ಳುತ್ತದೆ. ಜಗಲಿಯ ಒಳಭಾಗಕ್ಕೆ ಸರಿಸಿ. ಬೆರಳನ್ನು ಮಣ್ಣಿಗೆ ಒಂದು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ನೀರು ಕೊಡಿ, ತಂಪಾಗಿದ್ದರೆ ಬಿಡಿ. ಕತ್ತಲು ಕೊಡುವ ಆರು ವಾರವಂತೂ ನೀರನ್ನು ಇನ್ನಷ್ಟು ಕಡಿಮೆ ಮಾಡಿ, ಆದರೆ ಗೆಣ್ಣು ಸುಕ್ಕಾಗುವಷ್ಟು ಒಣಗಿಸಬೇಡಿ. ಮೊಗ್ಗು ಕಂಡ ಮೇಲೆ ಮತ್ತೆ ಸ್ವಲ್ಪ ಹೆಚ್ಚಿಸಿ. ಅಜ್ಜಿಯರಿಗೆ ಒಂದು ವಿನಂತಿ: ಮೊಮ್ಮಕ್ಕಳಿಗೆ ಇನ್ನೊಂದು ತುತ್ತು ಎನ್ನುವ ಹಾಗೆ ಗಿಡಕ್ಕೆ ಇನ್ನೊಂದು ಚೊಂಬು ಎನ್ನಬೇಡಿ.

ಮಣ್ಣಿಗೆ ಬರೀ ಕೆಮ್ಮಣ್ಣು ತುಂಬಿದರೆ ಅದು ಇಟ್ಟಿಗೆಯಾಗುತ್ತದೆ. ಮರದಡಿಯ ಎಲೆಗೊಬ್ಬರ, ಹೊಳೆ ಮರಳು, ತೆಂಗಿನ ನಾರಿನ ಪುಡಿ, ಒಂದಿಷ್ಟು ಇದ್ದಿಲ ಚೂರು, ತಳದಲ್ಲಿ ಒಡೆದ ಹೆಂಚಿನ ತುಂಡು. ದೊಡ್ಡ ಕುಂಡದ ಆಸೆ ಬೇಡ, ಬೇರು ಒತ್ತೊತ್ತಾಗಿದ್ದರೆ ಹೂ ಹೆಚ್ಚು. ಮೂರು ನಾಲ್ಕು ವರ್ಷಕ್ಕೊಮ್ಮೆ ಕುಂಡ ಬದಲಿಸಿದರೆ ಸಾಕು. ಸಗಣಿ ನೀರನ್ನು ಚಹಾದಷ್ಟು ತೆಳ್ಳಗೆ ಮಾಡಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೊಮ್ಮೆ ಹಾಕಬಹುದು. ಸೆಪ್ಟೆಂಬರಿನಿಂದ ಮೊಗ್ಗು ಕಾಣುವ ತನಕ ಗೊಬ್ಬರ ಬಂದ್.

ಮೊಗ್ಗು ಬಂದ ಮೇಲೆ ಇನ್ನೊಂದು ಗಂಡಾಂತರ ಇದೆ, ಅದು ನಮ್ಮ ಕಡೆಯ ಮನೆಗಳಿಗೇ ವಿಶೇಷ. ಬಾಳೆಗೊನೆ! ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ಗೊನೆಯಲ್ಲಿ ಒಂದು ಕಾಯಿ ಹಣ್ಣಾದರೆ ಉಳಿದವೂ ಬೇಗ ಹಣ್ಣಾಗುವುದು ಅದರಿಂದಲೇ. ಬಾಳೆಗೊನೆಗೆ ಹೊಗೆ ಹಾಕುವಾಗಲೂ ಕೆಲಸ ಮಾಡುವುದು ಹೊಗೆಯಲ್ಲಿರುವ ಆ ಅನಿಲವೇ. ಏಡಿಗಿಡದ ಮೊಗ್ಗಿಗೆ ಅದು ತಾಗಿದರೆ, ತಮ್ಮ ಕಾಲ ಮುಗಿಯಿತೆಂದು ಮೊಗ್ಗುಗಳು ಅರಳದೆಯೇ ಉದುರುತ್ತವೆ. ಆದ್ದರಿಂದ ಹಣ್ಣಿನ ಗೊನೆ, ಒಲೆಯ ಹೊಗೆ ಎರಡರಿಂದಲೂ ಕುಂಡ ದೂರ ಇರಲಿ. ಹೇಗೂ ಆನೆ ತಿರುಗುವ ಊರಿನಲ್ಲಿ ಬಾಳೆಗೊನೆಯನ್ನು ಜಗಲಿಯಲ್ಲಿ ನೇತುಹಾಕುವುದು ಜಾಣತನವಲ್ಲ, ಆನೆಗೆ ಅದರ ವಾಸನೆ ನಮಗಿಂತ ಮೊದಲು ಗೊತ್ತಾಗುತ್ತದೆ.

ಮೊಗ್ಗು ಬಿಟ್ಟ ಕುಂಡವನ್ನು ನೆಂಟರಿಗೆ ತೋರಿಸಲು ಅತ್ತಿತ್ತ ಹೊತ್ತು ತಿರುಗಬೇಡಿ. ಜಾಗ ಪದೇ ಪದೇ ಬದಲಾದರೂ ಮೊಗ್ಗು ಉದುರುತ್ತದೆ. ಹೂ ಅರಳಿದ ಮೇಲೆ ಜಗಲಿಗೆ ತನ್ನಿ, ಎಲ್‌ಇಡಿ ದೀಪದ ಕೆಳಗೇ ತೂಗುಹಾಕಿ. ಅರಳಿದ ಹೂವಿಗೆ ದೀಪದಿಂದ ತೊಂದರೆಯಿಲ್ಲ, ಬದಲಾಗಿ ರಾತ್ರಿಯೂ ಚೆನ್ನಾಗಿ ಕಾಣುತ್ತದೆ.

ಹೂ ಮುಗಿದ ಮೇಲೆ ಒಂದು ತಿಂಗಳು ಗಿಡಕ್ಕೆ ವಿಶ್ರಾಂತಿ ಕೊಡಿ. ಆಮೇಲೆ ತುದಿಯಲ್ಲಿ ಎರಡು ಮೂರು ಗೆಣ್ಣಿನ ತುಂಡನ್ನು ತಿರುಚಿ ಬಿಡಿಸಿಕೊಳ್ಳಬಹುದು, ಕತ್ತರಿಯೂ ಬೇಡ. ಹಾಗೆ ಬಿಡಿಸಿದರೆ ಮುಂದೆ ಅದೇ ಜಾಗದಲ್ಲಿ ಕವಲೊಡೆದು ಹೂವಿನ ತುದಿಗಳು ಹೆಚ್ಚಾಗುತ್ತವೆ. ಬಿಡಿಸಿದ ತುಂಡನ್ನು ಎರಡು ದಿನ ನೆರಳಲ್ಲಿ ಗಾಯ ಒಣಗಲು ಬಿಟ್ಟು, ಒದ್ದೆ ಮರಳಿನಲ್ಲಿ ಅರ್ಧ ಗೆಣ್ಣು ಮುಳುಗುವಂತೆ ಊರಿ. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಅಜ್ಜಿಯ ತಂಗಿಯ ಮನೆಯಲ್ಲಿ ಆ ಹಳೆಯ ಗಿಡ ಈಗಲೂ ಇದೆಯೋ ಇಲ್ಲವೋ ಕೇಳಿ ನೋಡು ಪುಟ್ಟೀ. ಇಲ್ಲದಿದ್ದರೆ ಒಂದು ಕುಂಡ ಅಲ್ಲಿಗೆ ವಾಪಸು ಹೋಗಬಹುದು.

ನಿನಗೂ, ಏಡಿಗಿಡ ಇರುವ ಉಳಿದ ಮನೆಯವರಿಗೂ ಒಂದು ಕೆಲಸ ಕೊಡುತ್ತೇನೆ. ಗೆಣ್ಣಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಗರಗಸದ ಹಾಗೆ ಚೂಪು ಹಲ್ಲುಗಳಿದ್ದರೆ ಅದು ಒಂದು ಜಾತಿ. ಅಂಚು ಅಲೆ ಅಲೆಯಾಗಿ ದುಂಡಗಿದ್ದರೆ ಅದು 1840ರ ದಶಕದಲ್ಲಿ ಇಂಗ್ಲೆಂಡಿನ ಬಕ್ಲಿ ಎಂಬಾತ ಎರಡು ಜಾತಿಗಳನ್ನು ಕೂಡಿಸಿ ಮಾಡಿದ ಹಳೆಯ ಕಾಲದ ತಳಿ. ಹಲ್ಲಿನದು ಸಾಮಾನ್ಯವಾಗಿ ಮೊದಲು ಹೂ ಬಿಡುತ್ತದೆ, ಅಲೆಯದು ಕೆಲವು ವಾರ ತಡವಾಗಿ. ಈಗ ನರ್ಸರಿಗಳಲ್ಲಿ ಸಿಗುವುದು ಹೆಚ್ಚಾಗಿ ಹಲ್ಲಿನದೇ. ಹಳೆಯ ಮನೆಗಳ ಜಗಲಿಗಳಲ್ಲಿ ಯಾವುದು ಉಳಿದಿದೆ ಎಂದು ನನಗೆ ತಿಳಿಯುವ ಆಸೆ. ಒಂದು ಗೆಣ್ಣನ್ನು ಹಾಳೆಯ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಊರಿನ ಹೆಸರು, ಮೊದಲ ಮೊಗ್ಗು ಕಂಡ ತಾರೀಖು ಬರೆದು ಕಳಿಸಿ. ಮೊಗ್ಗು ಬರದಿದ್ದರೂ ಕಳಿಸಿ, ರಾತ್ರಿ ಕುಂಡ ಎಲ್ಲಿಟ್ಟಿದ್ದಿರಿ ಎಂದು ಮಾತ್ರ ಬರೆಯಲು ಮರೆಯಬೇಡಿ.